ರೆಫ್ರಿ ರವೂಫನ ಎಡಗೆನ್ನೆ

ಆಲಂಕಾರು ಪೇಟೆಯಲ್ಲಿ ರವೂಫ್ ಎಲ್ಲಿ ಎಂದು ಕೇಳಿದರೆ ಯಾವ ರವೂಫ್ ಎಂಬ ಮರುಪ್ರಶ್ನೆ ಬರುತ್ತದೆ. ರೆಫ್ರಿ ರವೂಫ್ ಎಂದರೆ ಮಾತ್ರ ಜನ ಚಪ್ಪಲಿ ಅಂಗಡಿಯ ಕಡೆ ಕೈ ತೋರಿಸುತ್ತಾರೆ. ವಾರವಿಡೀ ಅವನು ಆ ಅಂಗಡಿಯಲ್ಲಿ ಕೂತು ಗಿರಾಕಿಗಳ ಕಾಲಿಗೆ ಚಪ್ಪಲಿ ಹೊಂದಿಸುತ್ತಾನೆ. ಭಾನುವಾರ ಬಂತೆಂದರೆ ಬಿಳಿ ಅಂಗಿ ತೊಟ್ಟು, ಬೈಕು ಹತ್ತಿ, ಎಲ್ಲಿ ವಾಲಿಬಾಲ್ ಪಂದ್ಯಾಟ ಉಂಟೋ ಅಲ್ಲಿಗೆ ಹೊರಡುತ್ತಾನೆ. ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕುಗಳಲ್ಲಿ ಅವನು ನಿಲ್ಲದ ಅಂಕಣ ಕಡಿಮೆ.

ಕಾಲೇಜಿನಲ್ಲಿದ್ದಾಗ ಅವನು ಸ್ಮ್ಯಾಶಿಗೆ ಚೆಂಡು ಎತ್ತಿಕೊಡುವ ಸೆಟ್ಟರ್ ಆಗಿ ಆಡಿದವನು. ಮೊಣಕಾಲು ಕೈಕೊಟ್ಟ ಮೇಲೆ ಆಟ ಬಿಟ್ಟ, ಅಂಕಣ ಬಿಡಲಿಲ್ಲ. ಪರೀಕ್ಷೆ ಬರೆದು ರೆಫ್ರಿಯಾದ. ಅದೇ ತಂಡದಲ್ಲಿ ಸ್ಮ್ಯಾಶ್ ಹೊಡೆಯುತ್ತಿದ್ದ ಕೆದಂಬಾಡಿಯ ವಿಷ್ಣುಪ್ರಸಾದ್ ಈಗ ಅಡಿಕೆ ತೋಟ ನೋಡಿಕೊಂಡಿದ್ದಾನೆ. ಆದರೆ ರವೂಫ್ ನಿಂತ ಕಡೆಗೆಲ್ಲ ಎರಡನೇ ರೆಫ್ರಿಯಾಗಿ ಅವನೂ ಬರುತ್ತಾನೆ. ನೆಟ್ಟಿನ ಒಂದು ತುದಿಯಲ್ಲಿ ಎತ್ತರದ ಸ್ಟ್ಯಾಂಡಿನ ಮೇಲೆ ರವೂಫ್, ಇನ್ನೊಂದು ತುದಿಯಲ್ಲಿ ನೆಲದ ಮೇಲೆ ವಿಷ್ಣುಪ್ರಸಾದ್. ರವೂಫನ ವಿಸಿಲ್ ಗಿಡ್ಡವಾಗಿ, ಖಡಕ್ಕಾಗಿ ಬರುತ್ತಿತ್ತು. ಅವನು ಊದಿದ ಮೇಲೆ ವಾದಕ್ಕೆ ಹೋಗುವವರು ಹೊಸಬರು ಮಾತ್ರ.

ಇಂಥ ಮನುಷ್ಯನಿಗೆ ಒಂದು ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಎಡಗೆನ್ನೆಯ ಮೇಲೆ ಇರುವೆ ಹರಿದಂತಾಯಿತು. ಒರೆಸಿಕೊಂಡ. ಕೈಗೆ ಏನೂ ಸಿಗಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಹರಿಯಿತು, ಕಿವಿಯ ಮುಂದಿನಿಂದ ತುಟಿಯ ಕಡೆಗೆ. ಮನೆಗೆ ಬಂದು ಹೆಂಡತಿ ಅಮೀರಾಳಿಗೆ ತೋರಿಸಿದ. ಅವಳು ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ನೋಡಿದಳು.

"ಎಂತದೂ ಇಲ್ಲ. ಗಡ್ಡದ ಕೂದಲು ಚುಚ್ಚುದು ಇರ್ಬೇಕು."

ಗಡ್ಡ ಸಣ್ಣ ಮಾಡಿಸಿದ. ಇರುವೆ ಹೋಗಲಿಲ್ಲ. ಚರ್ಮದ ಡಾಕ್ಟರು ಕೊಟ್ಟ ಮುಲಾಮು ಹಚ್ಚಿದ, ಅದೂ ಮುಗಿಯಿತು. ಇರುವೆ ಹರಿಯುವುದಕ್ಕೆ ಒಗ್ಗಿಹೋದ ಮೇಲೆ ನೋವು ಶುರುವಾಯಿತು. ದವಡೆಯ ಹಿಂದೆ ಮೊಳೆ ಹೊಡೆದ ಹಾಗೆ ಒಂದು ಸೆಳೆತ. ಬಂದರೆ ಬಾಯಿಯ ಅನ್ನ ಬಾಯಿಯಲ್ಲೇ ಉಳಿಯುತ್ತಿತ್ತು. ಹಲ್ಲಿನ ಡಾಕ್ಟರು ಎಕ್ಸ್‌ರೇ ನೋಡಿ, ಹಲ್ಲಿನಲ್ಲಿ ಅಂಥ ದೊಡ್ಡ ಹುಳುಕೇನೂ ಕಾಣುವುದಿಲ್ಲ ಎಂದರು. ಆದರೂ ತೆಗೆಯಿರಿ ಎಂದು ಹಟ ಹಿಡಿದವನು ರವೂಫನೇ. ಹಲ್ಲು ಹೋಯಿತು, ನೋವು ಉಳಿಯಿತು.

ಮುಂದಿನದು ಗೊತ್ತಾದದ್ದು ಮಸೀದಿಯಲ್ಲಿ. ನಮಾಜಿಗೆ ಮೊದಲು ಅಂಗಸ್ನಾನ ಮಾಡುವಾಗ ಬಾಯಿಗೆ ನೀರು ಹಾಕಿ ಮುಕ್ಕಳಿಸಬೇಕು. ಆ ದಿನ ಅವನು ಮುಕ್ಕಳಿಸಿದ ನೀರು ಬಾಯಿಯಲ್ಲಿ ನಿಲ್ಲದೆ ಎಡಬದಿಯಿಂದ ಚಿಮ್ಮಿ, ಪಕ್ಕದಲ್ಲಿ ಕೂತಿದ್ದ ಹಸನಬ್ಬನ ತೋಳಿಗೆ ಬಿತ್ತು.

"ಎಂತ ರವೂಫಾ, ನನ್ನನ್ನೂ ಒಟ್ಟಿಗೇ ತೊಳೀತೀಯಾ?" ಎಂದು ಮುದುಕ ನಕ್ಕ.

ರವೂಫನೂ ನಕ್ಕ. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ಮತ್ತೊಮ್ಮೆ ನಕ್ಕು ನೋಡಿದ. ಬಲಗಡೆ ತುಟಿ ಮೇಲೆ ಹೋಯಿತು. ಎಡಗಡೆ ಅರೆಮನಸ್ಸಿನಿಂದ ಹಿಂದೆ ಉಳಿಯಿತು.

ಪುತ್ತೂರಿನ ಡಾಕ್ಟರು ಪರೀಕ್ಷೆ ಮಾಡಿ, ಮುಖದ ನರಕ್ಕೆ ಊತ ಬಂದಿರಬಹುದು, ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಸರಿಯಾಗುತ್ತದೆ ಎಂದು ಮಾತ್ರೆ ಬರೆದುಕೊಟ್ಟರು. "ಸರಿ ಆಗದಿದ್ರೆ ಮಾತ್ರ ಮನೆಯಲ್ಲಿ ಕೂತ್ಕೊಳ್ಬೇಡಿ, ಬನ್ನಿ," ಎಂದೂ ಹೇಳಿದರು. ರವೂಫನ ಕಿವಿಗೆ ಬಿದ್ದದ್ದು ತಾನಾಗಿ ಸರಿಯಾಗುತ್ತದೆ ಎಂಬ ಮಾತು. ಅವನ ತಾಯಿ, ಉಮ್ಮ ಕದೀಜಮ್ಮ, ಇದು ವಾತ ಎಂದು ತೀರ್ಮಾನಿಸಿ ದಿನಾ ಸಂಜೆ ಎಣ್ಣೆ ಬಿಸಿ ಮಾಡಿ ಕೆನ್ನೆಗೆ ತಿಕ್ಕಿದರು. ಚಳಿಗಾಲ ಕಳೆಯಿತು. ಪಂದ್ಯಾಟಗಳು ನಡೆಯುತ್ತಲೇ ಇದ್ದವು. ರವೂಫ್ ವಿಸಿಲನ್ನು ತುಟಿಯ ಬಲಮೂಲೆಗೆ ಸರಿಸಿ, ಹಲ್ಲಿನಲ್ಲಿ ಕಚ್ಚಿ ಊದುವುದನ್ನು ಅಭ್ಯಾಸ ಮಾಡಿಕೊಂಡ. ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಿದ್ದ.

ಅರಂತೋಡಿನ ಪಂದ್ಯಾಟದಲ್ಲಿ ಎಲ್ಲರಿಗೂ ಗೊತ್ತಾಯಿತು.

ಸೆಮಿಫೈನಲ್, ಕೊನೆಯ ಸೆಟ್. ಚೆಂಡು ನೆಟ್ಟಿನ ಮೇಲೆ ತೂಗುತ್ತಿತ್ತು. ಒಂದು ತಂಡದ ಹುಡುಗನ ಕಾಲು ನೆಟ್ಟಿನ ಅಡಿಯಿಂದ ಪೂರ್ತಿ ಎದುರು ತಂಡದ ಅಂಕಣಕ್ಕೆ ಬಂದದ್ದನ್ನು ರವೂಫ್ ಸರಿಯಾಗಿ ನೋಡಿದ, ಊದಿದ. ಬಂದದ್ದು ಬರೀ ಗಾಳಿ, ತುಟಿಯ ಎಡಮೂಲೆಯಿಂದ ಸೋರಿಹೋದ ಉಸಿರು. ಆಟ ನಿಲ್ಲಲಿಲ್ಲ. ಸ್ಮ್ಯಾಶ್‌ಗೆ ಹಾರಿದ್ದ ಎದುರು ತಂಡದ ಅಸ್ಕರ್ ಎಂಬ ಆಟಗಾರ ಇಳಿದದ್ದು ಆ ಹುಡುಗನ ಕಾಲಿನ ಮೇಲೆ. ಪಾದ ತಿರುಚಿ ಬಿದ್ದವನು ಏಳಲಿಲ್ಲ. ಅವನನ್ನು ನಾಲ್ಕು ಜನ ಎತ್ತಿಕೊಂಡು ಹೋದರು.

"ವಿಸಿಲ್ ಹಾಕ್ಲಿಕ್ಕೆ ಎಂತ ರೋಗ ಇವರಿಗೆ?" ಎಂದು ಪ್ರೇಕ್ಷಕರಲ್ಲಿ ಯಾರೋ ಕೂಗಿದರು.

ರವೂಫ್ ಸ್ಟ್ಯಾಂಡಿನಿಂದ ಇಳಿದು ವಿಸಿಲನ್ನು ವಿಷ್ಣುಪ್ರಸಾದನ ಕೈಗೆ ಕೊಟ್ಟ. "ನೀನು ಹತ್ತು. ನನ್ನಿಂದ ಆಗುದಿಲ್ಲ," ಎಂದಷ್ಟೇ ಹೇಳಿ ಮರದ ನೆರಳಿಗೆ ಹೋಗಿ ಕೂತ. ಪಂದ್ಯ ಮುಗಿದ ಮೇಲೆ ವಿಷ್ಣುಪ್ರಸಾದ್ ಬಂದು ಎದುರಿಗೆ ನಿಂತು ಅವನ ಮುಖವನ್ನೇ ನೋಡಿದ.

"ಕಣ್ಣು ಮುಚ್ಚು ನೋಡುವಾ."

"ಎಂತಕ್ಕೆ?"

"ಮುಚ್ಚು ಮಾರಾಯ."

ಮುಚ್ಚಿದ. ಬಲಗಣ್ಣು ಮುಚ್ಚಿತು. ಎಡಗಣ್ಣಿನ ರೆಪ್ಪೆಯಡಿಯಲ್ಲಿ ಬಿಳಿಯ ಗೆರೆಯೊಂದು ಹಾಗೇ ಉಳಿಯಿತು.

"ಹೋದ ತಿಂಗಳು ಕಣ್ಣು ಸರಿ ಇತ್ತು ನಿಂದು," ಎಂದ ವಿಷ್ಣುಪ್ರಸಾದ್. "ಇದು ಗುಣ ಆಗುದಲ್ಲ, ಹೆಚ್ಚಾಗುದು. ಶನಿವಾರ ನಾನು ಕಾರು ತರ್ತೇನೆ. ಮಂಗಳೂರಿಗೆ ಹೋಗುದು. ಬರುದಿಲ್ಲ ಅಂದ್ರೆ ಅಮೀರಾಳಿಗೆ ಫೋನ್ ಮಾಡ್ತೇನೆ."

ಶನಿವಾರ ಕಾರಿನಲ್ಲಿ ರವೂಫ್, ಅಮೀರಾ, ಪಿಯುಸಿ ಓದುತ್ತಿದ್ದ ಮಗಳು ಹನಾನ್, ಎಲ್ಲರೂ ಇದ್ದರು. ಮಂಗಳೂರಿನಲ್ಲಿ ನೋಡಿದ್ದು ಯಶಸ್ವಿ ಎಂಬ ಡಾಕ್ಟರು. ಹೆಚ್ಚು ಮಾತಿನವರಲ್ಲ. ಹುಬ್ಬು ಎತ್ತಿಸಿದರು, ಕೆನ್ನೆ ಉಬ್ಬಿಸಲು ಹೇಳಿದರು, ಹತ್ತಿಯ ಎಳೆಯಿಂದ ಕೆನ್ನೆಯ ಮೇಲೆ ಮೆಲ್ಲಗೆ ಸವರಿದರು. ಕೆನ್ನೆಯ ಒಂದು ಭಾಗದಲ್ಲಿ ಹತ್ತಿ ಮುಟ್ಟಿದ್ದೇ ರವೂಫನಿಗೆ ತಿಳಿಯಲಿಲ್ಲ. ಆಮೇಲೆ ಕಿವಿಯ ಕೆಳಗೆ, ದವಡೆಯ ಹಿಂದೆ ಬೆರಳಿಟ್ಟು ಒತ್ತಿ, ಅಲ್ಲೇ ಮತ್ತೆ ಮತ್ತೆ ಮುಟ್ಟಿ ನೋಡಿದರು. ಅಲ್ಲಿ ಹುಣಸೆ ಬೀಜದಷ್ಟು ಗಟ್ಟಿ ಇತ್ತು. ಇಷ್ಟು ತಿಂಗಳು ಎಣ್ಣೆ ತಿಕ್ಕಿದ ಕೈಗೂ ಅದು ಸಿಕ್ಕಿರಲಿಲ್ಲ.

"ಬಾಯಿ ಸೊಟ್ಟ ಆದದ್ದು ಒಂದೇ ದಿನದಲ್ಲಾ, ಮೆಲ್ಲ ಮೆಲ್ಲನಾ?"

ರವೂಫ್ ತಡವರಿಸಿದ. ಅಮೀರಾಳಿಗೂ ಖಚಿತವಿಲ್ಲ. ದಿನಾ ನೋಡುವ ಮುಖದಲ್ಲಿ ಏನು ಯಾವಾಗ ಬದಲಾಯಿತು ಎಂದು ಯಾರು ಹೇಳಬಲ್ಲರು? ಆಗ ಹನಾನ್ ಫೋನು ತೆಗೆದಳು. ಪಂದ್ಯಾಟ ನಡೆಸುವವರು ಆಟವನ್ನು ನೇರ ಪ್ರಸಾರ ಮಾಡುತ್ತಾರೆ. ಆ ವಿಡಿಯೋಗಳಲ್ಲಿ ಸ್ಟ್ಯಾಂಡಿನ ಮೇಲೆ ನಿಂತ ಅವಳ ಉಪ್ಪ ಇದ್ದೇ ಇರುತ್ತಾನೆ. ನವೆಂಬರಿನದು, ಜನವರಿಯದು, ಮೊನ್ನೆಯದು, ಒಂದಾದ ಮೇಲೊಂದು ಹಾಕಿ ತೋರಿಸಿದಳು. ಮೊದಲನೆಯದರಲ್ಲಿ ತುಟಿ ಮಾತ್ರ ಚೂರು ಜಾರಿತ್ತು. ಎರಡನೆಯದರಲ್ಲಿ ಕೆನ್ನೆ. ಮೂರನೆಯದರಲ್ಲಿ ಕಣ್ಣು.

ಡಾಕ್ಟರ್ ಯಶಸ್ವಿ ಫೋನು ಹಿಂದಿರುಗಿಸಿದರು. "ನರಕ್ಕೆ ಬರೀ ಊತ ಬಂದ್ರೆ ಒಂದೆರಡು ದಿನದಲ್ಲಿ ಪೂರ್ತಿ ಬಿದ್ದುಹೋಗ್ತದೆ, ಮತ್ತೆ ನಿಧಾನ ಏಳ್ತದೆ. ಇದು ಹಾಗಲ್ಲ. ಎಂಆರ್‌ಐ ಮಾಡುವಾ. ಆ ಗಂಟಿನಿಂದ ಸೂಜಿ ಹಾಕಿ ಚೂರು ತೆಗ್ದು ನೋಡುವಾ."

ಒಂದು ವಾರದಲ್ಲಿ ವರದಿ ಸಿದ್ಧವಾಯಿತು. ಹೊರಡುವ ದಿನ ಕದೀಜಮ್ಮ ಬಾಗಿಲಿಗೆ ಬಂದು ಮಗನನ್ನು ನಿಲ್ಲಿಸಿದರು. ಹಿಂದೊಮ್ಮೆ ಅವರಿಗೆ ಪಕ್ಕೆಯ ಸುತ್ತ ಸರ್ಪಸುತ್ತು ಆಗಿತ್ತು. ಉರಿ ಇನ್ನೂ ಪೂರ್ತಿ ಹೋಗಿರಲಿಲ್ಲ. "ಅದೂ ನರದ್ದೇ ಅಂತ ಹೇಳಿದ್ರು ಆಗ. ನನ್ನಿಂದ ನಿನಗೆ ಬಂದದ್ದಾ ಅಂತ ಕೇಳಿ ಬಾ ಮೋನೇ," ಎಂದರು. ರವೂಫ್ ಆ ಪ್ರಶ್ನೆಯನ್ನು ಮರೆಯದೆ ಹೊತ್ತುಕೊಂಡು ಹೋದ.

ಡಾಕ್ಟರು ಪರದೆಯ ಮೇಲೆ ಅವನ ತಲೆಯ ಚಿತ್ರ ತೋರಿಸಿದರು. ದವಡೆಯ ಹಿಂದೆ ಜೊಲ್ಲು ಹುಟ್ಟುವ ಗ್ರಂಥಿ. ಅದರೊಳಗೆ ಆ ಸಣ್ಣ ಗಂಟು. ಗಂಟಿನಿಂದ ಕಿವಿಯ ಕಡೆಗೆ ಮೇಲಕ್ಕೆ ಹೋಗುವ ಬೆಳ್ಳಗಿನ ಗೆರೆ.

"ಇದು ಮುಖದ ನರ. ಗ್ರಂಥಿಯ ನಡುವಿನಿಂದಲೇ ಹಾದುಹೋಗ್ತದೆ. ಬಲಗಡೆಯದ್ದು ನೋಡಿ, ನೂಲಿನ ಹಾಗೆ ಉಂಟು. ಎಡಗಡೆಯದ್ದು ದಪ್ಪ ಆಗಿದೆ. ಗಂಟು ಸಣ್ಣದು, ಬೆಳೆಯುದೂ ನಿಧಾನ. ಆದರೆ ಈ ಜಾತಿಯ ಕ್ಯಾನ್ಸರಿಗೆ ಒಂದು ಚಾಳಿ ಉಂಟು. ಇದ್ದಲ್ಲೇ ದೊಡ್ಡದಾಗುವ ಬದಲು ನರದ ಹೊದಿಕೆ ಹಿಡಿದು ಹೋಗ್ತದೆ. ನಿಮಗೆ ಇರುವೆ ಹರಿದ ಹಾಗೆ ಆದದ್ದು, ಹಲ್ಲು ನೋವು ಅಂತ ಅನಿಸಿದ್ದು, ಎಲ್ಲ ಅದೇ. ಕೆನ್ನೆಗೆ ಸ್ಪರ್ಶ ಕೊಡುವ ನರದ ಕವಲಿಗೂ ಅದು ತಾಗಿದೆ."

ಕ್ಯಾನ್ಸರ್ ಎಂಬ ಶಬ್ದ ಬಂದಾಗ ಅಮೀರಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ರವೂಫ್ ಪರದೆಯನ್ನೇ ನೋಡುತ್ತಿದ್ದ.

"ಮೇಲೆ ಹೋದ್ರೆ ಎಲ್ಲಿಗೆ ಮುಟ್ಟುದು?"

"ಕಿವಿಯ ಹಿಂದಿನ ಎಲುಬಿನೊಳಗೆ. ಅಲ್ಲಿಂದ ಮೆದುಳಿನ ಬುಡಕ್ಕೆ. ಇನ್ನೂ ಅಲ್ಲಿಗೆ ಮುಟ್ಟಿದ ಹಾಗೆ ಕಾಣುದಿಲ್ಲ. ಅದಕ್ಕೇ ತಡ ಮಾಡುದು ಬೇಡ."

ಆಮೇಲೆ ಅವನು ಉಮ್ಮನ ಪ್ರಶ್ನೆ ಕೇಳಿದ. ಡಾಕ್ಟರು ನಗಲಿಲ್ಲ. "ಸರ್ಪಸುತ್ತು ಚಿಕನ್‌ಪಾಕ್ಸಿನ ವೈರಸ್. ಅದು ನರದ ಬುಡದಲ್ಲಿ ವರ್ಷಗಟ್ಟಲೆ ಅಡಗಿ ಕೂತು, ಶಕ್ತಿ ಕುಂದಿದಾಗ ಆ ನರ ಹಿಡಿದು ಹೊರಗೆ ಬರ್ತದೆ. ಹುಚ್ಚುನಾಯಿ ಕಚ್ಚಿದ್ರೆ ಆ ವೈರಸ್ಸೂ ನರದಲ್ಲೇ ಮೆದುಳಿಗೆ ಹೋಗುದು. ದಾರಿ ಒಂದೇ, ಹೋಗುವವರು ಬೇರೆ ಬೇರೆ. ನಿಮ್ಮ ಅಮ್ಮನಿಂದ ನಿಮಗೆ ಎಂತದೂ ಬಂದದ್ದಲ್ಲ. ಹಾಗಂತ ಹೇಳಿ ಅವರಿಗೆ."

ಅವನು ಅಲ್ಲಿಂದಲೇ ಮನೆಗೆ ಫೋನ್ ಮಾಡಿ ಮೊದಲು ಇದನ್ನೇ ಹೇಳಿದ. ಉಳಿದದ್ದನ್ನು ಮನೆಗೆ ಹೋಗಿ ಹೇಳಿದ.

ಆಪರೇಷನ್ನಿನ ವಿಷಯದಲ್ಲಿ ಅವನ ಮನಸ್ಸು ಸಲೀಸಾಗಿ ಒಪ್ಪಲಿಲ್ಲ. ಗ್ರಂಥಿಯ ಜೊತೆಗೆ ಮುಖದ ನರವನ್ನೂ ಕತ್ತರಿಸಿ ತೆಗೆಯಬೇಕು. ಕಾಲಿನ ನರದ ತುಂಡೊಂದನ್ನು ತೆಗೆದು ಆ ಜಾಗಕ್ಕೆ ಹೊಲಿಯುತ್ತಾರೆ. ಅದು ಚಿಗುರಿ ಕೆನ್ನೆಗೆ ಮುಟ್ಟಲು ತಿಂಗಳುಗಳೇ ಬೇಕು, ಚಿಗುರೀತು ಎಂಬ ಖಾತ್ರಿಯೂ ಇಲ್ಲ. ಅಲ್ಲಿಯವರೆಗೆ ಮುಖದ ಎಡಭಾಗ ಪೂರ್ತಿ ಸ್ತಬ್ಧ. ಈಗ ಅರ್ಧವಾದರೂ ನಗುವ ಮುಖ, ಅರ್ಧವಾದರೂ ಮುಚ್ಚುವ ಕಣ್ಣು. ಅದನ್ನೂ ತಾನೇ ಸಹಿ ಹಾಕಿ ಕಳೆದುಕೊಳ್ಳಬೇಕೇ? ಮಳೆಗಾಲ ಕಳೆಯಲಿ, ಆಮೇಲೆ ನೋಡುವಾ ಎಂದು ಅವನು ಮೂರು ದಿನ ಅಂಗಡಿಯಲ್ಲೇ ಕೂತ.

ನಾಲ್ಕನೆಯ ದಿನ ಊಟಕ್ಕೆ ಬಂದಾಗ ಅಮೀರಾ ಬಡಿಸಿ, ಎದುರಿಗೆ ಕೂತಳು.

"ನಿಮ್ಮ ಮುಖ ನೋಡುವವಳು ನಾನು. ನೀವು ಕನ್ನಡಿಯಲ್ಲಿ ದಿನಕ್ಕೆ ಎಷ್ಟು ಹೊತ್ತು ನೋಡ್ತೀರಿ? ನನಗೆ ಆ ಮುಖ ಹೇಗಿದ್ರೂ ಆಗ್ತದೆ. ಇಲ್ಲದಿದ್ರೆ ಆಗುದಿಲ್ಲ."

ರವೂಫ್ ಊಟ ಮುಗಿಸಿ ಕೈ ತೊಳೆದ ಮೇಲೆ ಡಾಕ್ಟರಿಗೆ ಫೋನ್ ಮಾಡಿದ.

ಆಪರೇಷನ್ ಬೆಳಿಗ್ಗೆ ಶುರುವಾಯಿತು. ಹೊರಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಅಮೀರಾ, ವಿಷ್ಣುಪ್ರಸಾದ್ ಕೂತಿದ್ದರು. ಒಳಗೆ ಏನು ನಡೆಯುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಗಂಟು ತೆಗೆದ ಮೇಲೆ ನರದ ಉಳಿದ ತುದಿಯಿಂದ ಚೂರು ಕತ್ತರಿಸಿ ಆಗಲೇ ಲ್ಯಾಬಿಗೆ ಕಳಿಸುತ್ತಾರೆ. ಅದು ಚೊಕ್ಕ ಎಂದು ಬಂದರೆ ಅಲ್ಲಿಗೆ ನಿಲ್ಲಿಸುತ್ತಾರೆ, ಇಲ್ಲದಿದ್ದರೆ ಇನ್ನೂ ಮುಂದಕ್ಕೆ. ಮಧ್ಯಾಹ್ನದ ಹೊತ್ತಿಗೆ ನರ್ಸ್ ಬಂದು, ಮೊದಲ ತುದಿಯಲ್ಲಿ ರೋಗ ಉಂಟು, ಕಿವಿಯ ಹಿಂದಿನ ಎಲುಬು ಕೊರೆದು ನರವನ್ನು ಮೇಲಕ್ಕೆ ಬಿಡಿಸುತ್ತಿದ್ದಾರೆ ಎಂದಳು. ಅಮೀರಾ ಎದ್ದು ಹೋಗಿ ಗೋಡೆಯ ಕಡೆ ಮುಖ ಮಾಡಿ ದುವಾ ಮಾಡಿದಳು. ಎರಡನೆಯ ಚೂರಿನಲ್ಲೂ ಇತ್ತು. ವಿಷ್ಣುಪ್ರಸಾದ್ ತಂದ ಚಾ ಇಬ್ಬರ ಕೈಯಲ್ಲೂ ತಣ್ಣಗಾಯಿತು. ಇಳಿಹೊತ್ತಿಗೆ ಡಾಕ್ಟರ್ ಯಶಸ್ವಿ ತಾವೇ ಹೊರಗೆ ಬಂದರು, ಮಾಸ್ಕಿನ ಗುರುತು ಮೂಗಿನ ಮೇಲೆ ಕೆಂಪಗೆ ಕೂತಿತ್ತು.

"ಮೂರನೆಯದು ಚೊಕ್ಕ ಉಂಟು. ಈಗ ಕಾಲಿನ ನರ ಜೋಡಿಸ್ತಿದ್ದಾರೆ."

ಅಮೀರಾ ಹನಾನ್‌ಗೆ ಫೋನ್ ಮಾಡಿ, "ಆಯ್ತು, ಆಯ್ತು" ಎಂದು ಅಷ್ಟನ್ನೇ ಹೇಳಿದಳು.

ಆಪರೇಷನ್ನಿಗಿಂತ ರವೂಫನನ್ನು ಹೆಚ್ಚು ಹಣ್ಣು ಮಾಡಿದ್ದು ಆಮೇಲಿನ ರೇಡಿಯೇಷನ್. ನರದ ದಾರಿಯುದ್ದಕ್ಕೂ, ತಲೆಬುರುಡೆಯ ಬುಡದವರೆಗೆ ಕಿರಣ ಕೊಟ್ಟರು. ಬಾಯಿ ಒಣಗಿತು, ಮೀನು ಸಾರು ಹುಲ್ಲಿನಂತೆ ಆಯಿತು. ಎಡಗಣ್ಣಿಗೆ ಗಂಟೆಗೊಮ್ಮೆ ಹನಿ ಮದ್ದು, ಮಲಗುವಾಗ ರೆಪ್ಪೆ ಮುಚ್ಚಿ ಟೇಪು. ಮಾತು ಬಂತು, ಆದರೆ ತುಟಿ ಕೂಡಬೇಕಾದ ಅಕ್ಷರಗಳು ಬರಲಿಲ್ಲ. ಗಿರಾಕಿಯ ಹತ್ತಿರ ಕಾಲಿನ ನಂಬರ್ ಕೇಳಿದರೆ ಅದು ನಂವರ್ ಆಗುತ್ತಿತ್ತು. ಸ್ವಂತ ಹೆಸರಿನ ಕೊನೆಯ ಅಕ್ಷರವೂ ಗಾಳಿಯಾಗಿ ಹೋಗುತ್ತಿತ್ತು. ಫಿಸಿಯೋಥೆರಪಿಯವಳು ದಿನಾ ಕನ್ನಡಿಯ ಮುಂದೆ ಪ, ಫ, ಬ, ಮ ಹೇಳಬೇಕೆಂದಿದ್ದಳು. ಹನಾನ್ ಪಕ್ಕದಲ್ಲಿ ಕೂತು ಒಂದನೇ ತರಗತಿಯ ಟೀಚರಿನಂತೆ ಹೇಳಿಸುತ್ತಿದ್ದಳು.

ಅಂಗಡಿಗೆ ಬಂದ ಮೇಲೆ ಇನ್ನೊಂದು ಕಷ್ಟ. "ಸ್ಟ್ರೋಕ್ ಆದದ್ದಾ?" ಎಂದು ಬಂದವರೆಲ್ಲ ಕೇಳುವುದು. ಮೊದಲು ಅವನು ಎಲ್ಲರಿಗೂ ಕಥೆ ಹೇಳಿದ. ಆಮೇಲೆ ಹೌದು ಎಂದುಬಿಟ್ಟ. ಒಂದು ದಿನ ಡೊಂಬಯ್ಯ ಎಂಬ ಗಿರಾಕಿ ಚಪ್ಪಲಿ ಮೆಟ್ಟಿ ನೋಡುತ್ತಾ, "ನಗಾಡಿ ಮಾತಾಡ್ತಿದ್ದ ಜನ, ಈಗ ಸಿಟ್ಟಿನ ಮುಖ ಹಾಕಿ ಕೂತ್ರೆ ವ್ಯಾಪಾರ ಆಗ್ತದಾ ರವೂಫಾಕ?" ಎಂದ. ರವೂಫ್ ಆಗ ನಗುತ್ತಲೇ ಇದ್ದ. ಒಂದೇ ಬದಿಗೆ ಎಳೆದ ಅದು ನಗುವಾಗಿ ಕಾಣುತ್ತಿರಲಿಲ್ಲ, ಅಷ್ಟೆ. ಆ ದಿನ ಅವನು ಅಂಗಡಿಯನ್ನು ಬೇಗ ಮುಚ್ಚಿ ಮನೆಗೆ ಹೋದ.

ವರ್ಷ ತುಂಬುವ ಹೊತ್ತಿಗೆ, ಒಂದು ಸಂಜೆ ಚಾ ಕುಡಿಯುವಾಗ ಹನಾನ್ ಎದ್ದು ನಿಂತಳು.

"ಉಪ್ಪಾ, ಇನ್ನೊಂದು ಸಲ ಮಾಡಿ."

"ಎಂತ ಮಾಡುದು?"

"ಈಗ ಎಂತ ಮಾಡಿದ್ರಿ, ಅದೇ!"

ಅವನಿಗೆ ತಾನು ಏನು ಮಾಡಿದೆ ಎಂದೇ ಗೊತ್ತಿರಲಿಲ್ಲ. ಚಾ ಹೀರುವಾಗ ಎಡಗೆನ್ನೆಯಲ್ಲಿ, ಬಾಯಿಯ ಮೂಲೆಯ ಹತ್ತಿರ, ಒಂದು ಸಣ್ಣ ಗುಳಿ ಬಿದ್ದು ಹೋಗಿತ್ತು. ಕದೀಜಮ್ಮ ಕನ್ನಡಕ ಹಾಕಿಕೊಂಡು ಬಂದರು. ಮತ್ತೆ ಹೀರಿದ, ಮತ್ತೆ ಬಿತ್ತು. ಕಾಲಿನ ನರ ಕೆನ್ನೆಗೆ ಮುಟ್ಟಿತ್ತು. ಆ ಸಂಜೆ ಅವನಿಗೆ ನಾಲ್ಕು ಗ್ಲಾಸು ಚಾ ಕುಡಿಸಿದರು.

ತುಟಿ ಅಷ್ಟಿಷ್ಟು ಕೂಡತೊಡಗಿದರೂ ಬಾಯಲ್ಲಿ ವಿಸಿಲ್ ಊದುವ ಬಲ ಬರಲಿಲ್ಲ. ವಿಷ್ಣುಪ್ರಸಾದ್ ಅದಕ್ಕೆ ಕಾಯಲೂ ಇಲ್ಲ. ಬೆರಳಿನಿಂದ ಗುಂಡಿ ಒತ್ತಿದರೆ ಕೂಗುವ ಬ್ಯಾಟರಿ ವಿಸಿಲೊಂದನ್ನು ತರಿಸಿ ತಂದ. ರವೂಫ್ ಅದನ್ನು ತಿರುಗಿಸಿ ನೋಡಿ, "ಇದು ಆಟಿಕೆ ಸಾಮಾನು," ಎಂದು ಬದಿಗಿಟ್ಟ. ಸುಳ್ಯದ ಶಾಲಾ ಮಕ್ಕಳ ಪಂದ್ಯಾಟಕ್ಕೆ ರೆಫ್ರಿ ಸಿಗದೆ ಹೋದಾಗ ಅದನ್ನೇ ಹಿಡಿದು ಸ್ಟ್ಯಾಂಡು ಹತ್ತಿದ. ಮಕ್ಕಳು ಮೊದಲೆರಡು ಪಾಯಿಂಟ್ ಅವನ ಮುಖ ನೋಡಿದರು. ಆಮೇಲೆ ಚೆಂಡನ್ನು ನೋಡಿದರು. ಪಂದ್ಯ ಮುಗಿದಾಗ ಅರಂತೋಡಿನಲ್ಲಿ ತಿರುಚಿದ್ದ ಪಾದ ಗುಣವಾಗಿ ಮತ್ತೆ ಆಡುತ್ತಿದ್ದ ಅಸ್ಕರ್, ಅಲ್ಲಿ ತನ್ನ ತಂಗಿಯ ಆಟ ನೋಡಲು ಬಂದವನು, ಹತ್ತಿರ ಬಂದು ಕೈ ಕುಲುಕಿದ.

ಈಗ ಆರು ತಿಂಗಳಿಗೊಮ್ಮೆ ರವೂಫ್ ಮಂಗಳೂರಿಗೆ ಹೋಗುತ್ತಾನೆ. ಡಾಕ್ಟರು ಮುಚ್ಚುಮರೆ ಮಾಡಿಲ್ಲ. ಈ ರೋಗ ಸುಮ್ಮನಿದ್ದು, ಎಷ್ಟೋ ವರ್ಷ ಕಳೆದು, ಶ್ವಾಸಕೋಶದಲ್ಲೋ ಉಳಿದ ನರದಲ್ಲೋ ಮತ್ತೆ ಕಾಣಿಸಿಕೊಳ್ಳಬಹುದು. ಆದ್ದರಿಂದ ನೋಡುತ್ತಲೇ ಇರಬೇಕು. ಕಳೆದ ಸಲದ ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. "ಮುಂದಿನ ಸಲ ಬನ್ನಿ," ಎಂದರು, ಅಷ್ಟೆ. ಅಂಥ ಮಾತಿಗೆ ಹಿಗ್ಗುವುದೂ ಕುಗ್ಗುವುದೂ ಎರಡನ್ನೂ ಅವನು ಬಿಟ್ಟಿದ್ದಾನೆ.

ಆ ಸಲ ವಾಪಸು ಬರುವಾಗ ಉಪ್ಪಿನಂಗಡಿಯಲ್ಲಿ ವಿಷ್ಣುಪ್ರಸಾದ್ ಕಾರು ನಿಲ್ಲಿಸಿ ಗೊಬ್ಬರದ ಅಂಗಡಿಗೆ ಹೋದ. ಅಷ್ಟರಲ್ಲಿ ರವೂಫನ ಫೋನು ಬಡಿಯಿತು. ಕೆದಂಬಾಡಿಯ ಯುವಕ ಮಂಡಲದ ಜತ್ತಪ್ಪ.

"ರವೂಫಾಕ, ಬರುವ ಆದಿತ್ಯವಾರ ನಮ್ಮಲ್ಲಿ ಪಂದ್ಯಾಟ ಉಂಟು. ನೀವು ಬರ್ಬೇಕು. ಹುಷಾರುಂಟಲ್ಲ?"

"ಹುಷಾರುಂಟು. ಎಷ್ಟು ತಂಡ?"

"ಹದಿನಾರು."

"ಬರ್ತೇನೆ. ಒಂದು ಕೆಲಸ ಮಾಡಿ ಜತ್ತಪ್ಪ, ಬೆಳಿಗ್ಗೆ ಕೋರ್ಟಿಗೆ ಸರಿ ನೀರು ಹಾಕಿಸಿ. ನನ್ನ ಒಂದು ಕಣ್ಣು ಬೇಗ ಮುಚ್ಚುದಿಲ್ಲ, ಧೂಳೆದ್ರೆ ಕಷ್ಟ."

"ಟ್ಯಾಂಕರೇ ತರಿಸ್ತೇವೆ ಮಾರಾಯ್ರೆ."

"ಟ್ಯಾಂಕರ್ ಎಂತಕ್ಕೆ, ಕೆಸರಾದ್ರೆ ಮಕ್ಕಳು ಜಾರ್ತಾರೆ. ಪೈಪಿನಲ್ಲಿ ಹಾಕಿ, ಸಾಕು," ಎಂದು ರವೂಫ್ ಫೋನಿಟ್ಟು, ಕಿಸೆಯಿಂದ ಕಣ್ಣಿನ ಮದ್ದು ತೆಗೆದು, ತಲೆ ಹಿಂದಕ್ಕೆ ಒರಗಿಸಿ ಹನಿ ಹಾಕಿಕೊಂಡ.